ಅರ್ಘ, ವ್ಯಯ, ಲಾಭ: ಕುಂದಾಪುರ ಸೀಮೆಯ ಕಡಲತೀರದಲ್ಲಿ ಮುಳುಗುಸಾಧನಗಳ ಸಣ್ಣ ಅಂಗಡಿಯ ಬೆಲೆ

೧. ವಿಷಯಪ್ರವೇಶ

ವರ್ತಕನು ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವೆ ಎಷ್ಟು ಅಂತರವಿರುವುದು ನ್ಯಾಯವೆಂಬ ಪ್ರಶ್ನೆಯು ವ್ಯಾಪಾರದಷ್ಟೇ ಹಳೆಯದು. ಧರ್ಮಶಾಸ್ತ್ರಕಾರರೂ ಅರ್ಥಶಾಸ್ತ್ರಕಾರರೂ ಇದನ್ನು ವ್ಯವಹಾರಭಾಗದಲ್ಲಿ ವಿಚಾರಿಸಿ, ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಎಂದು ಲಾಭವನ್ನು ಗೊತ್ತುಮಾಡಿರುವುದು ಪ್ರಸಿದ್ಧವಾಗಿದೆ. ಈ ಎರಡು ಸಂಖ್ಯೆಗಳನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಇಂದಿನ ಅಂಗಡಿಕಾರನು ನೂರಕ್ಕೆ ಐವತ್ತು ಏರಿಸಿ ಮಾರಿದನೆಂದರೆ ಶಾಸ್ತ್ರವನ್ನು ಮೀರಿ ಸುಲಿಗೆ ಮಾಡಿದನೆಂದು ಹೇಳುವುದು ಪಾಠಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ರೂಢಿಯಾಗಿದೆ. ಶಾಸ್ತ್ರದ ಅಭಿಪ್ರಾಯವು ಇಷ್ಟು ಸರಳವಾದುದಲ್ಲ. ಆ ಸಂಖ್ಯೆಗಳೊಡನೆ ಬರುವ ವಿಶೇಷಣವನ್ನೂ ಅನಂತರ ಬರುವ ನಿಯಮವನ್ನೂ ಬಿಟ್ಟು ಓದಿದರೆ ಅರ್ಥವು ತಲೆಕೆಳಗಾಗುತ್ತದೆ.

ಈ ವಿಚಾರಕ್ಕೆ ಉದಾಹರಣೆಯಾಗಿ ಇಲ್ಲಿ ತೆಗೆದುಕೊಂಡಿರುವುದು ತೀರ ಹೊಸದಾದ ಒಂದು ವ್ಯಾಪಾರ. ಸಮುದ್ರದೊಳಗೆ ಉಸಿರಾಡುತ್ತ ಮುಳುಗುವುದಕ್ಕೆ ಬೇಕಾದ ಮಾಸ್ಕ್, ಸ್ನಾರ್ಕೆಲ್, ಫಿನ್ಸ್, ರೆಗ್ಯುಲೇಟರ್, ಸಿಲಿಂಡರ್ ಮೊದಲಾದ ಸ್ಕೂಬಾ ಸಾಧನಗಳನ್ನು ಮಾರುವ ಸಣ್ಣ ಅಂಗಡಿಯ ವ್ಯಾಪಾರವದು. ಸರಕು ಬಹುಮಟ್ಟಿಗೆ ಪರದೇಶದ್ದು, ಕೊಳ್ಳುವವರು ಕೆಲವರು, ಮಾರಾಟವು ವರ್ಷದಲ್ಲಿ ಕೆಲವು ತಿಂಗಳು ಮಾತ್ರ, ಸರಕು ಕೆಟ್ಟರೆ ಹೋಗುವುದು ಹಣವಲ್ಲ, ಪ್ರಾಣ. ಬೆಲೆಯ ನ್ಯಾಯವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಕಠಿನವಾದ ಒರೆಗಲ್ಲು ದೊರೆಯುವುದು ಕಷ್ಟ.

೨. ಸ್ಥಳವಿಚಾರ

ಈಗಿನ ಉಡುಪಿ ಜಿಲ್ಲೆಯ ಉತ್ತರಭಾಗದ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳಿಗೆ ಬೆಲೆಯ ವಿಚಾರವು ಹೊಸದಲ್ಲ. ಬ್ರಹ್ಮಾವರಕ್ಕೆ ಸೇರಿದ ಬಾರಕೂರು ಆಳುಪರ ರಾಜಧಾನಿಯಾಗಿಯೂ ಆಮೇಲೆ ವಿಜಯನಗರದವರ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯಪಟ್ಟಣವಾಗಿಯೂ ಇದ್ದಿತು. ಕುಂದಾಪುರಕ್ಕೆ ಸೇರಿದ ಬಸರೂರು ಹೊಳೆಯ ದಂಡೆಯ ದೊಡ್ಡ ಪೇಟೆ. ಪೋರ್ಚುಗೀಸರ ಬರಹಗಳಲ್ಲಿ ಇದು ಬಾರ್ಸೆಲೋರ್ ಎಂದು ಕಾಣಿಸಿಕೊಳ್ಳುತ್ತದೆ. ಇಲ್ಲಿಂದ ಅಕ್ಕಿಯು ಹಡಗುಗಳಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದುದನ್ನು ೧೬ನೆಯ ಶತಮಾನದ ಆರಂಭದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನು ತಿಳಿಸಿದ್ದಾನೆ. ೧೬೬೫ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಕೊಳ್ಳೆಹೊಡೆದುದು ಆ ಪೇಟೆಯಲ್ಲಿ ಸೇರಿದ್ದ ಸಂಪತ್ತಿಗೆ ಸಾಕ್ಷಿಯಾಗಿದೆ.

ಈ ಪಟ್ಟಣಗಳ ಶಾಸನಗಳಲ್ಲಿ ಸೆಟ್ಟಿಕಾರರು, ನಕರದವರು, ಹಂಜಮಾನದವರು ಎಂಬ ವರ್ತಕಸಮೂಹಗಳ ಹೆಸರುಗಳು ಬರುತ್ತವೆ. ಹಂಜಮಾನವೆಂಬುದು ಸಭೆಯೆಂಬ ಅರ್ಥದ ಪಾರಸೀಕ ಶಬ್ದದಿಂದ ಬಂದುದಾಗಿ, ಕಡಲಾಚೆಯ ವರ್ತಕರ ಕೂಟವನ್ನು ಹೇಳುತ್ತದೆ. ಈ ನಾಡಿನ ಶಾಸನಗಳು ಅಕ್ಕಿಯನ್ನು ಮೂಡೆಗಳಲ್ಲಿ ಹೇಳುವಾಗ ಅನೇಕ ಕಡೆ ಇಂತಿಷ್ಟು ಹಾನೆಯ ಲೆಕ್ಕದ ಮೂಡೆಯೆಂದು ಅಳತೆಯನ್ನೂ ಸೇರಿಸಿಯೇ ಹೇಳುತ್ತವೆ. ಅಳತೆಯನ್ನು ಗೊತ್ತುಮಾಡದೆ ಬೆಲೆಯನ್ನು ಹೇಳಿದರೆ ಬೆಲೆಯನ್ನು ಹೇಳಿದಂತಾಗಲಿಲ್ಲವೆಂಬ ವಿವೇಕವು ಇದರಲ್ಲಿ ಅಡಗಿದೆ. ೧೪ನೆಯ ಶತಮಾನದಲ್ಲಿ ಈ ಕರಾವಳಿಯನ್ನು ಕಂಡ ಇಬ್ನ್ ಬತೂತನು ಬಾರಕೂರನ್ನು ಫಾಕನೂರೆಂದು ಕರೆದು, ದಾರಿಯಲ್ಲಿ ಹೋಗುವ ಪ್ರತಿಯೊಂದು ಹಡಗೂ ಬಂದರಿಗೆ ಬಂದು ಅರಸನಿಗೆ ಕಾಣಿಕೆಯನ್ನು ಕೊಟ್ಟೇ ಹೋಗಬೇಕಾಗಿದ್ದಿತೆಂದು ಬರೆದಿದ್ದಾನೆ. ಪರದೇಶದ ಸರಕಿನ ಬೆಲೆಯಲ್ಲಿ ಬಂದರಿನ ಹಕ್ಕೂ ಒಂದು ಅಂಶವೆಂಬುದು ಇಲ್ಲಿಯವರಿಗೆ ಆರುನೂರು ವರ್ಷಗಳಿಗೂ ಹಿಂದಿನಿಂದ ತಿಳಿದ ಸಂಗತಿ.

ಮುಳುಗುವ ವೃತ್ತಿಯೂ ಇಲ್ಲಿ ಹೊಸದಲ್ಲ. ಹೊಳೆಗಳ ಅಳಿವೆಯಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ಹೆಕ್ಕುವವರೂ, ದೋಣಿ ಮಗುಚಿದಾಗ ನೀರಿನಲ್ಲಿ ಕಾಣೆಯಾದವರನ್ನು ಹುಡುಕಿ ತರುವ ಮುಳುಗುತಜ್ಞರೂ ಕರಾವಳಿಯ ಊರುಗಳಲ್ಲಿದ್ದಾರೆ. ಹೊಸದಾಗಿರುವುದು ಸಾಧನ. ೧೯೪೩ರಲ್ಲಿ ಫ್ರಾನ್ಸ್ ದೇಶದ ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿಯನ್ನು ಉಸಿರಿಗೆ ತಕ್ಕಷ್ಟೇ ಬಿಡುವ ಯಂತ್ರವನ್ನು ಸಿದ್ಧಪಡಿಸಿದರು. ಬೈಂದೂರಿನ ಉತ್ತರದ ಎಲ್ಲೆಯಾಚೆ, ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು ೧೯ ಕಿಲೋಮೀಟರ್ ದೂರ ಕಡಲಿನಲ್ಲಿರುವ ನೇತ್ರಾಣಿ ದ್ವೀಪವು ಈಗ ಕರ್ಣಾಟಕದಲ್ಲಿ ಈ ವಿಹಾರಕ್ಕೆ ಹೆಸರಾದ ಸ್ಥಳವಾಗಿದೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಬರುವ ಜನರನ್ನು ನೆಚ್ಚಿಕೊಂಡು ಈ ಸಾಧನಗಳ ಮಾರಾಟವೂ ಬಾಡಿಗೆಯೂ ಕಲಿಸುವಿಕೆಯೂ ಬೆಳೆದಿವೆ.

೩. ಶಬ್ದವಿಚಾರ

ಬೆಲೆಯನ್ನು ಹೇಳುವ ಶಾಸ್ತ್ರಶಬ್ದಗಳಲ್ಲಿ ಮುಖ್ಯವಾದುದು ಅರ್ಘ. ಅರ್ಘವೆಂದರೆ ಸರಕಿಗೆ ಪೇಟೆಯಲ್ಲಿ ಸಲ್ಲುವ ಗೊತ್ತಾದ ಬೆಲೆ. ಇದರ ತದ್ಭವವಾದ ಅಗ್ಗವೆಂಬ ಕನ್ನಡ ಮಾತು ಬರಬರುತ್ತ ಬೆಲೆಯೆಂಬ ಅರ್ಥವನ್ನು ಬಿಟ್ಟು ಕಡಿಮೆಯ ಬೆಲೆಯೆಂಬ ಅರ್ಥದಲ್ಲಿ ನಿಂತಿತು. ಹಿಂದಿಯಲ್ಲಿ ಮಹಾರ್ಘದಿಂದ ಹುಟ್ಟಿದ ಮೆಹಂಗಾ ಎಂಬುದು ಹೆಚ್ಚಿನ ಬೆಲೆಯದೆಂಬ ಅರ್ಥವನ್ನು ಪಡೆಯಿತು. ಒಂದೇ ಮೂಲದ ಮಾತು ಒಂದು ನುಡಿಯಲ್ಲಿ ಕೊಳ್ಳುವವನ ಸಂತೋಷವನ್ನೂ ಇನ್ನೊಂದರಲ್ಲಿ ಅವನ ದುಃಖವನ್ನೂ ಹೇಳುತ್ತಿರುವುದು ವಿನೋದಕರವಾಗಿದೆ.

ಕುಂದಾಪುರದ ಕಡೆ ಜನರು ಬೆಲೆಯನ್ನು ಕ್ರಯವೆನ್ನುತ್ತಾರೆ. "ಕ್ರಯ ಎಷ್ಟು?" ಎಂದೇ ಮೀನಿನ ಮಾರುಕಟ್ಟೆಯಲ್ಲಿಯೂ ಬಟ್ಟೆಯ ಅಂಗಡಿಯಲ್ಲಿಯೂ ಕೇಳುವುದು. ಸಂಸ್ಕೃತದಲ್ಲಿ ಕ್ರಯವೆಂದರೆ ಕೊಳ್ಳುವಿಕೆ. ಕೊಳ್ಳುವವನ ಕ್ರಿಯೆಯೇ ಬೆಲೆಯ ಹೆಸರಾಯಿತು. ಮಾರುವವನಿಗಾದರೊ ಅಸಲು ಎಂಬ ಇನ್ನೊಂದು ಮಾತು ಮುಖ್ಯ. ಕ್ರಯಕ್ಕೂ ಅಸಲಿಗೂ ನಡುವಿನ ಅಂತರವನ್ನೆಲ್ಲ ಲೋಕವು ಲಾಭವೆಂದು ಎಣಿಸುತ್ತದೆ. ಶಾಸ್ತ್ರವು ಹಾಗೆ ಎಣಿಸುವುದಿಲ್ಲ.

೪. ಶಾಸ್ತ್ರವಿಚಾರ

ಕೌಟಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅಚ್ಚಾದುದು ಕರ್ಣಾಟಕಕ್ಕೆ ಅಭಿಮಾನದ ವಿಷಯವಾಗಿದೆ. ಅದರ ನಾಲ್ಕನೆಯ ಅಧಿಕರಣದ ವೈದೇಹಕರಕ್ಷಣವೆಂಬ ಪ್ರಕರಣದಲ್ಲಿ, ಅಂಗೀಕೃತವಾದ ಕ್ರಯದ ಮೇಲೆ ಸ್ವದೇಶದ ಸರಕಿಗೆ ನೂರಕ್ಕೆ ಐದನ್ನೂ ಪರದೇಶದ ಸರಕಿಗೆ ನೂರಕ್ಕೆ ಹತ್ತನ್ನೂ ವರ್ತಕರಿಗೆ ಗೊತ್ತುಮಾಡಬೇಕೆಂದು ಹೇಳಿದೆ. ಅದಕ್ಕೂ ಮೇಲೆ ಬೆಲೆಯನ್ನು ಏರಿಸಿದವರಿಗೆ ದಂಡವನ್ನು ವಿಧಿಸಿದೆ. ಇಲ್ಲಿ ಗಮನಿಸತಕ್ಕ ಮಾತೊಂದುಂಟು. ಈ ಐದಕ್ಕೂ ಹತ್ತಕ್ಕೂ ಕೌಟಲ್ಯನು ಇಟ್ಟ ಹೆಸರು ಆಜೀವ, ಎಂದರೆ ಜೀವನೋಪಾಯ. ವರ್ತಕನು ತಿಂದುಂಡು ಬದುಕುವುದಕ್ಕೆ ಸಲ್ಲುವ ಭಾಗವದು. ಅಂಗಡಿಯ ಖರ್ಚುಗಳು ಅದರಿಂದ ತೆರತಕ್ಕವುಗಳಲ್ಲ.

ಖರ್ಚುಗಳ ಮಾತು ಅದೇ ಪ್ರಕರಣದ ಕೊನೆಯಲ್ಲಿ ಬರುತ್ತದೆ. ದೂರದ ದೇಶಕಾಲಗಳಿಂದ ಬಂದ ಸರಕುಗಳಿಗೆ ಬೆಲೆಯಿಡುವ ಅರ್ಘವಿದನು ಪ್ರಕ್ಷೇಪ, ಪಣ್ಯನಿಷ್ಪತ್ತಿ, ಶುಲ್ಕ, ವೃದ್ಧಿ, ಅವಕ್ರಯ ಎಂಬ ಐದನ್ನೂ, ಇವಲ್ಲದೆ ಬೇರೆ ವ್ಯಯಗಳನ್ನೂ ಲೆಕ್ಕಹಾಕಿ ಬೆಲೆಯನ್ನು ನಿಲ್ಲಿಸತಕ್ಕದ್ದು. ಪ್ರಕ್ಷೇಪವೆಂದರೆ ಹೂಡಿದ ಬಂಡವಾಳ. ಪಣ್ಯನಿಷ್ಪತ್ತಿಯೆಂದರೆ ಸರಕು ಎಷ್ಟು ಸಿದ್ಧವಾಯಿತೆಂಬುದು. ಶುಲ್ಕವೆಂದರೆ ಸುಂಕ, ವೃದ್ಧಿಯೆಂದರೆ ಬಡ್ಡಿ, ಅವಕ್ರಯವೆಂದರೆ ಬಾಡಿಗೆ. ಗಣಿತಗ್ರಂಥಗಳಲ್ಲಿಯೂ ಪ್ರಕ್ಷೇಪಶಬ್ದವು ಬಂಡವಾಳಕ್ಕೆ ತಕ್ಕಂತೆ ಪಾಲುಹಂಚುವ ಲೆಕ್ಕಕ್ಕೆ ಹೆಸರಾಗಿದೆ. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಈ ಬಗೆಯ ಲೆಕ್ಕಗಳು ವಿಸ್ತಾರವಾಗಿವೆ.

ಮನುವು ಎಂಟನೆಯ ಅಧ್ಯಾಯದಲ್ಲಿ, ಸರಕು ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುವುದು, ಎಷ್ಟು ಕಾಲ ಇದ್ದಿತು, ಅದರಲ್ಲಿ ವೃದ್ಧಿಯೆಷ್ಟು, ಕ್ಷಯವೆಷ್ಟು ಎಂಬುದನ್ನು ವಿಚಾರಿಸಿ ಕ್ರಯವಿಕ್ರಯಗಳನ್ನು ನಡೆಸಬೇಕೆನ್ನುತ್ತಾನೆ. ಐದು ದಿನಕ್ಕೊಮ್ಮೆ ಅಥವಾ ಪಕ್ಷಕ್ಕೊಮ್ಮೆ ಬೆಲೆಯನ್ನು ವರ್ತಕರ ಎದುರಿಗೇ ಗೊತ್ತುಮಾಡಬೇಕೆಂದೂ ವಿಧಿಸುತ್ತಾನೆ. ಸ್ಥಾನವೆಂಬ ಮಾತಿನಿಂದ ಅಂಗಡಿಯಲ್ಲಿ ಸರಕು ಕುಳಿತಿರುವ ಕಾಲವೂ ಬೆಲೆಯ ಅಂಗವೆಂಬುದು ಅಲ್ಲಿ ಅಂಗೀಕೃತವಾಗಿದೆ.

ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಐದು ಮತ್ತು ಹತ್ತರ ನಿಯಮವನ್ನೇ ಹೇಳುತ್ತಾನೆ. ಆದರೆ ಅವನು ವರ್ತಕನಿಗೆ ಒಂದು ವಿಶೇಷಣವನ್ನು ಸೇರಿಸಿದ್ದಾನೆ: ಸದ್ಯಃ ಕ್ರಯವಿಕ್ರಯಿ. ಕೊಂಡ ಕೂಡಲೇ ಮಾರುವವನು ಎಂದು ಅದರ ಅರ್ಥ. ಇಡೀ ವಿಚಾರವು ಈ ಸದ್ಯಃ ಎಂಬ ಅವ್ಯಯದ ಮೇಲೆ ನಿಂತಿದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಇದರ ತಾತ್ಪರ್ಯವನ್ನು ಬಿಡಿಸಿದ್ದಾನೆ: ಕೊಂಡ ದಿನವೇ ಮಾರುವವನಿಗೆ ಈ ಲಾಭವೇ ಹೊರತು, ಕಾಲಾಂತರದಲ್ಲಿ ಮಾರುವವನಿಗೆ ಕಾಲವು ಹೆಚ್ಚಿದಂತೆ ಲಾಭವೂ ಹೆಚ್ಚಾಗಿ ಕಲ್ಪಿಸತಕ್ಕದ್ದು. ಮುಂದಿನ ಶ್ಲೋಕದಲ್ಲಿ ಯಾಜ್ಞವಲ್ಕ್ಯನು, ಸರಕಿನ ಸಂಬಂಧದಿಂದ ಹುಟ್ಟಿದ ವ್ಯಯವನ್ನು ಸರಕಿನ ಮೇಲೆ ಸೇರಿಸಿ, ಕೊಳ್ಳುವವನಿಗೂ ಮಾರುವವನಿಗೂ ಅನುಗ್ರಹವಾಗುವಂತೆ ಅರ್ಘವನ್ನು ಮಾಡಬೇಕೆಂದು ವಿಧಿಸುತ್ತಾನೆ. ಪರದೇಶದಿಂದ ಬಂದ ಸರಕಿನಲ್ಲಿ ಹೋಗಿಬರುವ ವೆಚ್ಚ, ಸರಕು ತುಂಬುವ ವೆಚ್ಚ, ಸುಂಕ ಮೊದಲಾದುವನ್ನೆಲ್ಲ ಕೊಂಡ ಬೆಲೆಯೊಡನೆ ಕೂಡಿಸಿ, ಆ ಒಟ್ಟು ಮೊತ್ತದ ಮೇಲೆ ನೂರಕ್ಕೆ ಹತ್ತು ಬರುವಂತೆ ಬೆಲೆಯಿಡಬೇಕೆಂದು ವಿಜ್ಞಾನೇಶ್ವರನು ವಿವರಿಸಿದ್ದಾನೆ.

ಇದರಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಶಾಸ್ತ್ರದ ಹತ್ತು ಕೊಂಡ ಬೆಲೆಯ ಮೇಲಿನದಲ್ಲ, ವ್ಯಯಸಹಿತವಾದ ಮೂಲದ ಮೇಲಿನದು. ಅದು ಬೇಗ ಮಾರಿಹೋಗುವ ಸರಕಿನ ವಿಷಯದ್ದು. ನಿಧಾನವಾಗಿ ಮಾರುವ ಸರಕಿಗೆ ಬೇರೆ ಲೆಕ್ಕ. ಬೆಲೆಯ ಗುರಿಯು ಉಭಯಾನುಗ್ರಹ. ಒಬ್ಬನ ಅನುಕೂಲ ಮಾತ್ರವಲ್ಲ.

೫. ದೃಷ್ಟಾಂತವಿಚಾರ

ಈ ಸಿದ್ಧಾಂತವನ್ನು ಸಣ್ಣ ಅಂಗಡಿಗೆ ಹಚ್ಚಿ ನೋಡಬಹುದು. ಕೆಳಗಿನ ಸಂಖ್ಯೆಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಕಲ್ಪಿಸಿದವು. ಯಾವ ಅಂಗಡಿಯ ಲೆಕ್ಕವೂ ಅಲ್ಲ.

ಕುಂದಾಪುರದ ಪೇಟೆಯಲ್ಲಿ ಒಬ್ಬನು ೩,೦೦,೦೦೦ ರೂಪಾಯಿಯ ಮುಳುಗುಸಾಧನಗಳನ್ನು ತರಿಸಿ ಅಂಗಡಿಯಿಟ್ಟನೆಂದು ಭಾವಿಸಬೇಕು. ಸಾಗಾಣಿಕೆಯ ವೆಚ್ಚವೂ ಸುಂಕವೂ ಈ ಮೊತ್ತದಲ್ಲಿಯೇ ಸೇರಿವೆ. ಗಿರಾಕಿಯಿಂದ ತೆಗೆದು ಸರ್ಕಾರಕ್ಕೆ ಕಟ್ಟುವ ತೆರಿಗೆಯನ್ನು ಲೆಕ್ಕದಿಂದ ಬಿಟ್ಟಿದೆ. ವರ್ಷದ ವ್ಯಯಗಳು ಹೀಗಿರಲಿ: ಅಂಗಡಿಯ ಬಾಡಿಗೆ ೯೬,೦೦೦, ಒಬ್ಬ ಸಹಾಯಕನ ಸಂಬಳ ೧,೪೪,೦೦೦, ವಿದ್ಯುತ್ತು ಮೊದಲಾದ ಚಿಲ್ಲರೆ ಖರ್ಚು ೩೦,೦೦೦, ಬಂಡವಾಳದ ಮೇಲೆ ನೂರಕ್ಕೆ ಹನ್ನೆರಡರಂತೆ ಬಡ್ಡಿ ೩೬,೦೦೦, ಒಡೆದು, ಹಳತಾಗಿ, ಮಾರದೆ ಉಳಿದುದರ ನಷ್ಟ ೨೪,೦೦೦. ಒಟ್ಟು ೩,೩೦,೦೦೦ ರೂಪಾಯಿ. ಕೌಟಲ್ಯನ ಅವಕ್ರಯ, ವೃದ್ಧಿ, ಅನ್ಯವ್ಯಯಗಳೂ ಮನುವಿನ ಕ್ಷಯವೂ ಇಲ್ಲಿ ಒಂದೊಂದಾಗಿ ಕಾಣಿಸಿಕೊಂಡಿವೆ.

ಮೊದಲನೆಯ ಪಕ್ಷ: ಸರಕು ವರ್ಷಕ್ಕೆ ಒಮ್ಮೆ ಮಾತ್ರ ಮಾರಿಹೋಗುತ್ತದೆ. ಆಗ ಅಸಲು ೩,೦೦,೦೦೦, ವ್ಯಯ ೩,೩೦,೦೦೦, ಕೂಡಿ ೬,೩೦,೦೦೦. ಇದರ ಮೇಲೆ ಶಾಸ್ತ್ರೋಕ್ತವಾದ ನೂರಕ್ಕೆ ಹತ್ತು ೬೩,೦೦೦. ಒಟ್ಟು ಬರಬೇಕಾದುದು ೬,೯೩,೦೦೦. ಎಂದರೆ ನೂರು ರೂಪಾಯಿಗೆ ಕೊಂಡುದನ್ನು ೨೩೧ ರೂಪಾಯಿಗೆ ಮಾರಬೇಕು.

ಎರಡನೆಯ ಪಕ್ಷ: ಅದೇ ಬಂಡವಾಳದ ಸರಕು ವರ್ಷಕ್ಕೆ ಮೂರು ಸಾರಿ ಖಾಲಿಯಾಗಿ ತುಂಬುತ್ತದೆ. ಅಸಲು ೯,೦೦,೦೦೦, ವ್ಯಯ ಅಷ್ಟೇ, ಕೂಡಿ ೧೨,೩೦,೦೦೦, ಹತ್ತರ ಲಾಭ ಸೇರಿ ೧೩,೫೩,೦೦೦. ನೂರಕ್ಕೆ ಕೊಂಡುದನ್ನು ಸುಮಾರು ೧೫೦ಕ್ಕೆ ಮಾರಿದರೆ ಸಾಕು.

ಮೂರನೆಯ ಪಕ್ಷ: ದಿನಸಿಯಂತೆ ವರ್ಷಕ್ಕೆ ಎಂಟು ಸಾರಿ ಮಾರಿಹೋಗುತ್ತದೆ. ಅಸಲು ೨೪,೦೦,೦೦೦, ವ್ಯಯ ಸೇರಿ ೨೭,೩೦,೦೦೦, ಲಾಭ ಸೇರಿ ೩೦,೦೩,೦೦೦. ನೂರಕ್ಕೆ ಕೊಂಡುದರ ಬೆಲೆ ಸುಮಾರು ೧೨೫ ಮಾತ್ರ.

ಮೂರು ಪಕ್ಷಗಳಲ್ಲಿಯೂ ಅಂಗಡಿ ಒಂದೇ, ವ್ಯಯವೊಂದೇ, ಲಾಭದ ಪ್ರಮಾಣವೂ ನೂರಕ್ಕೆ ಹತ್ತೇ. ಆದರೆ ಕೊಳ್ಳುವವನ ಕಣ್ಣಿಗೆ ಬೀಳುವ ಏರಿಕೆ ೧೩೧, ೫೦, ೨೫ ಎಂದು ಬೇರೆಬೇರೆಯಾಗಿದೆ. ಸದ್ಯಃ ಎಂಬ ಅವ್ಯಯಕ್ಕೆ ಇದಕ್ಕಿಂತ ಸ್ಫುಟವಾದ ವ್ಯಾಖ್ಯಾನವಿಲ್ಲ. ಅಕ್ಕಿಯ ಅಂಗಡಿಯ ಏರಿಕೆಯೊಡನೆ ರೆಗ್ಯುಲೇಟರಿನ ಅಂಗಡಿಯ ಏರಿಕೆಯನ್ನು ಹೋಲಿಸಿ ಒಬ್ಬನನ್ನು ಸಾಧುವೆಂದೂ ಇನ್ನೊಬ್ಬನನ್ನು ಲೋಭಿಯೆಂದೂ ಹೇಳುವುದು ಹಾನೆಯ ಲೆಕ್ಕವನ್ನು ಕೇಳದೆ ಮೂಡೆಗಳನ್ನು ಎಣಿಸಿದಂತೆ.

ಇನ್ನೊಂದು ಸಂಗತಿಯೂ ಈ ಲೆಕ್ಕದಿಂದ ಹೊರಡುತ್ತದೆ. ಮೊದಲನೆಯ ಪಕ್ಷದಲ್ಲಿ ಒಡೆಯನಿಗೆ ವರ್ಷಕ್ಕೆ ಉಳಿದುದು ೬೩,೦೦೦ ರೂಪಾಯಿ. ಅವನ ಸಹಾಯಕನಿಗೆ ಸಂದುದು ೧,೪೪,೦೦೦. ಆಳಿಗಿಂತ ಒಡೆಯನು ಬಡವನಾದನು. ಕೌಟಲ್ಯನು ಹೇಳಿದ ಆಜೀವವು ಇಲ್ಲಿ ಜೀವನಕ್ಕೆ ಸಾಲಲಿಲ್ಲ. ಸಾರ್ಥವಾಹನ ದೊಡ್ಡ ವ್ಯಾಪಾರದಲ್ಲಿ ಹತ್ತರ ಪ್ರಮಾಣವು ಕುಟುಂಬಕ್ಕೆ ಸಾಕಾಗುವುದು. ಸಣ್ಣ ಅಂಗಡಿಯಲ್ಲಿ ಒಡೆಯನ ಸ್ವಂತ ದುಡಿಮೆಯ ಕೂಲಿಯನ್ನು ವ್ಯಯದೊಳಗೆ ಬೇರೆಯಾಗಿ ಎಣಿಸಲೇಬೇಕು. ಎಣಿಸದ ಅಂಗಡಿಗಳು ಒಂದೆರಡು ಮಳೆಗಾಲಗಳಲ್ಲಿ ಬಾಗಿಲು ಹಾಕುತ್ತವೆ.

ಪರಿಹಾರವೂ ಲೆಕ್ಕದಲ್ಲಿಯೇ ಇದೆ. ಇಂತಹ ಅಂಗಡಿಯವನು ಸರಕನ್ನು ಮಾರುವುದು ಮಾತ್ರವಲ್ಲದೆ ಸಿಲಿಂಡರಿಗೆ ಗಾಳಿ ತುಂಬುವುದು, ಯಂತ್ರಗಳನ್ನು ಬಿಚ್ಚಿ ಶುದ್ಧಿಮಾಡುವುದು, ಬಾಡಿಗೆಗೆ ಕೊಡುವುದು, ಕಲಿಸುವುದು ಮೊದಲಾದ ಕೆಲಸಗಳನ್ನೂ ಮಾಡಿ, ವ್ಯಯದ ಅರ್ಧವನ್ನು ಅವುಗಳ ಆದಾಯದಿಂದ ತೀರಿಸಿದನೆಂದು ಭಾವಿಸಿದರೆ, ಸರಕು ವರ್ಷಕ್ಕೆ ಒಮ್ಮೆಯೇ ಮಾರಿದರೂ ನೂರಕ್ಕೆ ಕೊಂಡುದು ೨೩೧ರ ಬದಲು ಸುಮಾರು ೧೭೦ಕ್ಕೆ ಇಳಿಯುತ್ತದೆ. ಕೆಲಸಕ್ಕೆ ಕೆಲಸದ ಕೂಲಿ, ಸರಕಿಗೆ ಸರಕಿನ ಬೆಲೆ ಎಂದು ಬಿಡಿಸಿ ಹೇಳಿದರೆ ಗಿರಾಕಿಗೂ ತಾನು ಯಾವುದಕ್ಕೆ ಹಣ ಕೊಟ್ಟೆನೆಂಬುದು ತಿಳಿಯುತ್ತದೆ.

ಇಲ್ಲಿ ಗಣಿತದ ಒಂದು ಭ್ರಾಂತಿಯನ್ನೂ ನಿವಾರಿಸಬೇಕಾಗಿದೆ. ನೂರಕ್ಕೆ ಕೊಂಡು ನೂರೈವತ್ತಕ್ಕೆ ಮಾರಿದರೆ ಕೊಂಡ ಬೆಲೆಯ ಮೇಲೆ ಏರಿಕೆಯು ನೂರಕ್ಕೆ ಐವತ್ತು. ಮಾರಿದ ಬೆಲೆಯಲ್ಲಿ ಅದರ ಭಾಗವು ನೂರಕ್ಕೆ ಮೂವತ್ತಮೂರೂ ಮೂರನೆಯ ಒಂದು ಪಾಲು. ವರ್ತಕರು ಸಾಮಾನ್ಯವಾಗಿ ಎರಡನೆಯ ಲೆಕ್ಕದಲ್ಲಿ ಮಾತನಾಡುತ್ತಾರೆ, ಗಿರಾಕಿಗಳು ಮೊದಲನೆಯದರಲ್ಲಿ. ಯಾವ ಮೂಲದ ಮೇಲೆ ಎಂಬುದನ್ನು ಹೇಳದ ಪ್ರಮಾಣವು ಪ್ರಮಾಣವೇ ಅಲ್ಲ.

೬. ಸರಕಿನ ಸ್ವಭಾವ

ಮುಳುಗುಸಾಧನಗಳಲ್ಲಿ ಎಲ್ಲವೂ ಒಂದೇ ಬಗೆಯವಲ್ಲ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂಡದಿದ್ದರೆ ನೀರು ಒಳಗೆ ಬರುತ್ತದೆ. ಆದುದರಿಂದ ನಾಲ್ಕಾರನ್ನು ಮುಖಕ್ಕಿಟ್ಟು ನೋಡಿಯೇ ಕೊಳ್ಳಬೇಕು. ಅಂಚೆಯಲ್ಲಿ ತರಿಸಿದುದು ಸರಿಹೋಗದಿದ್ದರೆ ಅಗ್ಗದ ಬೆಲೆಯು ದಂಡವಾಯಿತು. ನಾಲ್ಕಾರು ಅಳತೆಗಳನ್ನು ಇಟ್ಟುಕೊಂಡಿರುವುದಕ್ಕೆ ಅಂಗಡಿಯವನ ಬಂಡವಾಳವು ಸಿಕ್ಕಿಹಾಕಿಕೊಂಡಿರುತ್ತದೆ.

ರೆಗ್ಯುಲೇಟರ್ ಎಂಬುದು ಪ್ರಾಣಕ್ಕೆ ನೇರವಾಗಿ ಸಂಬಂಧಿಸಿದ ಯಂತ್ರ. ತುಂಬಿದ ಸಿಲಿಂಡರಿನ ಗಾಳಿಯ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ಇನ್ನೂರರಷ್ಟು. ಅದನ್ನು ಎರಡು ಹಂತಗಳಲ್ಲಿ ಇಳಿಸಿ, ಮುಳುಗಿದವನ ಸುತ್ತಣ ನೀರಿನ ಒತ್ತಡಕ್ಕೆ ಸಮಮಾಡಿ ಬಾಯಿಗೆ ಕೊಡುವುದು ಇದರ ಕೆಲಸ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ, ಹತ್ತು ಮೀಟರ್ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ಬೇಕು. ಇದರ ಒಳಗಿನ ರಬ್ಬರ್ ಬಳೆಗಳೂ ಕವಾಟಗಳೂ ಉಪ್ಪುನೀರಿನಿಂದ ಸವೆಯುತ್ತವೆ. ಅಂಗಡಿಯಲ್ಲಿ ಕುಳಿತರೂ ಹಳತಾಗುತ್ತವೆ. ಕಾಲಕಾಲಕ್ಕೆ ಬಲ್ಲವನು ಬಿಚ್ಚಿ ಪರೀಕ್ಷಿಸಬೇಕು. ಸಿಲಿಂಡರನ್ನೂ ನಿಯತಕಾಲದಲ್ಲಿ ನೀರಿನ ಒತ್ತಡದಿಂದ ಪರೀಕ್ಷಿಸಬೇಕು. ಮನುವು ಹೇಳಿದ ಸ್ಥಾನಕ್ಷಯಗಳಿಗೆ ಇವು ಪ್ರತ್ಯಕ್ಷ ಉದಾಹರಣೆಗಳು. ಮೇಲಾಗಿ ಕಡಲು ಮುಚ್ಚಿರುವ ಮಳೆಗಾಲದಲ್ಲಿ ವ್ಯಾಪಾರವು ನಿಲ್ಲುತ್ತದೆ; ಬಾಡಿಗೆಯೂ ಬಡ್ಡಿಯೂ ನಿಲ್ಲುವುದಿಲ್ಲ.

ಆದುದರಿಂದ ಇಂತಹ ಸರಕಿನಲ್ಲಿ ಕೊಳ್ಳುವವನು ಬೆಲೆಗಿಂತ ಮೊದಲು ಕೇಳತಕ್ಕ ಪ್ರಶ್ನೆ ಸರಕು ಜಾತ್ಯವೆ ಅಜಾತ್ಯವೆ ಎಂಬುದು. ಜಾತ್ಯವೆಂದು ಹೇಳಿ ಅಜಾತ್ಯವಾದ ಮರದ, ಲೋಹದ, ಹಗ್ಗದ, ತೊಗಲಿನ ವಸ್ತುವನ್ನು ಮಾರಿದವನಿಗೆ ಬೆಲೆಯ ಎಂಟರಷ್ಟು ದಂಡವನ್ನು ಕೌಟಲ್ಯನು ವಿಧಿಸಿದ್ದಾನೆ. ಬೆಲೆಯನ್ನು ಏರಿಸುವ ಅಪರಾಧಕ್ಕೂ ಸುಳ್ಳುಸರಕಿನ ಅಪರಾಧಕ್ಕೂ ಅವನು ಬೇರೆಬೇರೆಯಾಗಿ ದಂಡವನ್ನು ಹೇಳಿರುವುದರಿಂದ, ಅಗ್ಗವಾದ ಮಾತ್ರಕ್ಕೆ ಬೆಲೆಯು ನ್ಯಾಯವಾಗುವುದಿಲ್ಲವೆಂಬುದು ತಾನಾಗಿಯೇ ಸಿದ್ಧವಾಗುತ್ತದೆ.

೭. ಶಂಕಾಸಮಾಧಾನಗಳು

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ವ್ಯಯವನ್ನೆಲ್ಲ ಸೇರಿಸಿಕೊಳ್ಳಬಹುದೆಂದರೆ ವರ್ತಕನು ವ್ಯರ್ಥವಾದ ಖರ್ಚುಗಳನ್ನೂ ಗಿರಾಕಿಯ ತಲೆಯ ಮೇಲೆ ಹಾಕುವನಲ್ಲವೆ? ಇದಕ್ಕೆ ಸಮಾಧಾನವು ಯಾಜ್ಞವಲ್ಕ್ಯನ ಮಾತಿನಲ್ಲಿಯೇ ಇದೆ. ಸೇರಿಸತಕ್ಕ ವ್ಯಯವು ಸರಕಿನಿಂದ ಹುಟ್ಟಿದ ವ್ಯಯ. ವರ್ತಕನ ಆಡಂಬರದಿಂದ ಹುಟ್ಟಿದುದಲ್ಲ. ಗಾಳಿ ತುಂಬುವ ಯಂತ್ರವನ್ನು ಶುದ್ಧವಾಗಿಡುವ ಖರ್ಚು ಸರಕಿನದು. ಅಂಗಡಿಯ ಮುಂಭಾಗದ ಅಲಂಕಾರದ ಖರ್ಚು ಒಡೆಯನದು.

ಎರಡನೆಯ ಶಂಕೆ: ಪ್ರಾಣಭಯವೇ ವರ್ತಕನಿಗೆ ಬಂಡವಾಳವಾಗಲಾರದೆ? ಮುಳುಗುವವನು ತನ್ನ ಜೀವದ ವಿಷಯದಲ್ಲಿ ಚೌಕಾಸಿ ಮಾಡಲಾರನು, ಹತ್ತಿರದಲ್ಲಿ ಬೇರೆ ಅಂಗಡಿಯೂ ಇಲ್ಲ, ಹೇಳಿದಷ್ಟು ಕೊಡಬೇಕು. ಈ ಶಂಕೆಯು ಬಲವಾದುದು. ಪ್ರಜೆಗಳಿಗೆ ಪೀಡೆಯಾಗುವ ಲಾಭವು ಎಷ್ಟು ದೊಡ್ಡದಾದರೂ ಅದನ್ನು ಬಿಡಬೇಕೆಂದು ಕೌಟಲ್ಯನು ರಾಜನ ಪಣ್ಯಾಧ್ಯಕ್ಷನಿಗೇ ವಿಧಿಸಿದ್ದಾನೆ. ರಾಜನಿಗೆ ಸಲ್ಲದ ಲಾಭವು ವರ್ತಕನಿಗೆ ಸಲ್ಲದು. ಮೀನುಗಾರರ ಮಗನೊಬ್ಬನು ಈ ವಿದ್ಯೆಯನ್ನು ಕಲಿತು, ಊರಿಗೆ ಆಪತ್ತು ಬಂದಾಗ ನೀರಿಗೆ ಇಳಿಯತಕ್ಕವನಾಗಿದ್ದರೆ, ಅವನಿಗೆ ಎಟುಕದ ಬೆಲೆಯು ಊರಿಗೇ ಎಟುಕದ ಬೆಲೆ. ಮುಳುಗುವುದನ್ನು ವಿನೋದಕ್ಕಾಗಿ ಕಲಿಯುವ ಪರಸ್ಥಳದವನಿಗೂ ವೃತ್ತಿಗಾಗಿ ಕಲಿಯುವ ಸ್ಥಳೀಯನಿಗೂ ಬಾಡಿಗೆಯಲ್ಲಿ ಭೇದವನ್ನು ಮಾಡುವುದು ಇಂತಹ ಕಡೆ ಅನ್ಯಾಯವಾಗಲಾರದು.

ಮೂರನೆಯ ಶಂಕೆ: ವರ್ತಕರು ಕೂಡಿಕೊಂಡು ಒಂದೇ ಬೆಲೆಯನ್ನು ಇಟ್ಟರೆ? ಒಟ್ಟಾಗಿ ಸರಕನ್ನು ತಡೆದು ಅನ್ಯಾಯವಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ವರ್ತಕರಿಗೆ ಕೌಟಲ್ಯನು ಸಾವಿರ ಪಣಗಳ ದಂಡವನ್ನು ಹೇಳಿದ್ದಾನೆ. ಯಾಜ್ಞವಲ್ಕ್ಯನೂ ಇದನ್ನು ಉತ್ತಮಸಾಹಸದಂಡಕ್ಕೆ ಅರ್ಹವೆಂದಿದ್ದಾನೆ. ಭಾರತದ ೨೦೦೨ರ ಸ್ಪರ್ಧಾ ಅಧಿನಿಯಮವೂ ವರ್ತಕರ ಇಂತಹ ಒಪ್ಪಂದಗಳನ್ನು ನಿಷೇಧಿಸಿದೆ. ಇದಕ್ಕಿಂತ ಸೂಕ್ಷ್ಮವಾದುದು ತಯಾರಕನೇ ಅಂಗಡಿಯವನಿಗೆ ಇಷ್ಟಕ್ಕಿಂತ ಕಡಿಮೆಗೆ ಮಾರಬಾರದೆಂದು ಕಟ್ಟುಹಾಕುವುದು. ಪರೀಕ್ಷಿಸಿ, ತಿಳಿಸಿ ಮಾರುವ ಸಣ್ಣ ಅಂಗಡಿಯನ್ನು ದೂರದ ಅಗ್ಗದ ಮಾರಾಟದಿಂದ ರಕ್ಷಿಸುವುದೇ ಇದರ ಉದ್ದೇಶವೆಂದು ಒಂದು ಪಕ್ಷ. ಇದು ಕೊಳ್ಳುವವನ ಸುಲಿಗೆಯೆಂದು ಇನ್ನೊಂದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೧೧ರಲ್ಲಿ ಇಂತಹ ಕಟ್ಟನ್ನು ಸ್ವರೂಪತಃ ಅಕ್ರಮವೆಂದು ತೀರ್ಪುಕೊಟ್ಟು, ೨೦೦೭ರಲ್ಲಿ ಆ ನಿಯಮವನ್ನು ಕೈಬಿಟ್ಟು, ಸಂದರ್ಭವನ್ನು ನೋಡಿ ನಿರ್ಣಯಿಸಬೇಕೆಂದಿತು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆಯೆಂಬುದಕ್ಕೆ ಇದೇ ಸಾಕ್ಷಿ.

ನಾಲ್ಕನೆಯ ಶಂಕೆ: ಗರಿಷ್ಠ ಬೆಲೆಯನ್ನು ಕಟ್ಟಿನ ಮೇಲೆ ಅಚ್ಚುಹಾಕುವ ಕಾನೂನಿರುವಾಗ ಈ ವಿಚಾರವೆಲ್ಲ ಏತಕ್ಕೆ? ೨೦೦೯ರ ಕಾನೂನುಮಾಪನ ಅಧಿನಿಯಮವೂ ೨೦೧೧ರ ಪೊಟ್ಟಣಸರಕುಗಳ ನಿಯಮಗಳೂ ಆಮದುಮಾಡಿದವನ ಹೆಸರನ್ನೂ ಎಲ್ಲ ತೆರಿಗೆಗಳು ಸೇರಿದ ಗರಿಷ್ಠ ಚಿಲ್ಲರೆ ಬೆಲೆಯನ್ನೂ ನಮೂದಿಸಬೇಕೆಂದು ವಿಧಿಸಿವೆ. ಅದಕ್ಕೆ ಮೀರಿ ಮಾರುವುದು ಅಪರಾಧ. ಆದರೆ ಆ ಸಂಖ್ಯೆಯನ್ನು ಬರೆಯುವವನು ತಯಾರಕನೋ ಆಮದುಗಾರನೋ ಹೊರತು ರಾಜಾಧಿಕಾರಿಯಲ್ಲ. ಲಾಭವು ನೂರಕ್ಕೆ ಇಷ್ಟೇ ಇರಬೇಕೆಂದು ಅಲ್ಲಿ ವಿಧಿಯಿಲ್ಲ. ಅಚ್ಚಾದ ಬೆಲೆಯು ಮೇಲಿನ ಎಲ್ಲೆಯನ್ನು ತೋರಿಸುತ್ತದೆ. ನ್ಯಾಯದ ಸ್ಥಾನವನ್ನು ತೋರಿಸುವುದಿಲ್ಲ. ಸಿಲಿಂಡರಿಗೆ ತುಂಬಿದ ಗಾಳಿಗೂ, ಕಲಿಸಿದ ವಿದ್ಯೆಗೂ, ಬಾಡಿಗೆಗೆ ಕೊಟ್ಟ ಸಾಧನಕ್ಕೂ ಆ ಮುದ್ರೆಯೇ ಇಲ್ಲ. ಅಲ್ಲಿ ವರ್ತಕನ ವಿವೇಕವೂ ಕೊಳ್ಳುವವನ ತಿಳಿವಳಿಕೆಯೂ ಮಾತ್ರ ಪ್ರಮಾಣ.

೮. ಉಪಸಂಹಾರ

ಇಷ್ಟರಿಂದ ಹೊರಡುವ ಸಾರವೇನೆಂದರೆ—ಐದು ಮತ್ತು ಹತ್ತು ಎಂಬ ಸಂಖ್ಯೆಗಳು ಶಾಸ್ತ್ರದ ಶರೀರ. ವ್ಯಯವನ್ನು ಸೇರಿಸು, ಕಾಲವನ್ನು ಎಣಿಸು, ಇಬ್ಬರಿಗೂ ಅನುಗ್ರಹವಾಗುವಂತೆ ಮಾಡು ಎಂಬುದು ಅದರ ಪ್ರಾಣ. ಶರೀರವನ್ನು ಮಾತ್ರ ಹಿಡಿದರೆ ಸಣ್ಣ ವರ್ತಕನಿಗೆ ಅನ್ಯಾಯವಾಗುತ್ತದೆ. ಪ್ರಾಣವನ್ನು ಮರೆತು ವ್ಯಯದ ಹೆಸರಿನಲ್ಲಿ ಏನನ್ನಾದರೂ ಸೇರಿಸಿದರೆ ಕೊಳ್ಳುವವನಿಗೆ ಅನ್ಯಾಯವಾಗುತ್ತದೆ.

ಬೆಲೆಯ ಅಂಗಗಳನ್ನು ಬಿಡಿಸಿ ಹೇಳಲು ಸಿದ್ಧನಾದ ಅಂಗಡಿಯವನು ನೂರಕ್ಕೆ ಎಪ್ಪತ್ತು ಏರಿಸಿದರೂ ಧರ್ಮದಲ್ಲಿದ್ದಾನು. ಹೇಳಲಾರದವನು ನೂರಕ್ಕೆ ಇಪ್ಪತ್ತು ಏರಿಸಿದರೂ ಸಂದೇಹಕ್ಕೆ ಪಾತ್ರನು. ಕೊಳ್ಳುವವನ ಪಾಲಿಗೂ ಒಂದು ಕರ್ತವ್ಯವುಂಟು. ಅಂಗಡಿಯಲ್ಲಿ ಮಾಸ್ಕನ್ನು ಮುಖಕ್ಕಿಟ್ಟು ಅಳತೆಯನ್ನು ತಿಳಿದುಕೊಂಡು, ನಾಲ್ಕು ಕಾಸು ಕಡಿಮೆಯೆಂದು ದೂರದಿಂದ ಅದನ್ನೇ ತರಿಸಿಕೊಳ್ಳುವವನು ಅಂಗಡಿಯವನ ವ್ಯಯವನ್ನು ಭೋಗಿಸಿ ಬೆಲೆಯನ್ನು ಕೊಡದೆ ಹೋದವನಾಗುತ್ತಾನೆ. ಹಾಗೆ ಮಾಡುವವರು ಹೆಚ್ಚಾದರೆ ಅಂಗಡಿಯು ಮುಚ್ಚುವುದು; ಮುಂದಿನ ಋತುವಿನಲ್ಲಿ ಕವಾಟವನ್ನು ಪರೀಕ್ಷಿಸಿ ಸಿಲಿಂಡರಿಗೆ ಶುದ್ಧವಾದ ಗಾಳಿಯನ್ನು ತುಂಬಿಕೊಡುವವನು ಹತ್ತಿರದಲ್ಲಿ ಇರುವುದಿಲ್ಲ. ಆಗಿನ ನಷ್ಟವನ್ನು ಯಾವ ಅರ್ಘವಿದನೂ ಲೆಕ್ಕಹಾಕಲಾರನು.

ವ್ಯವಹಾರಾಧ್ಯಾಯವನ್ನು ಪಾಠಹೇಳುವವರು ಪಂಚಕ-ದಶಕಗಳ ಜೊತೆಗೆ ಸದ್ಯಃ ಎಂಬ ಅವ್ಯಯವನ್ನೂ ಉಭಯಾನುಗ್ರಹದ ಮುಂದಿನ ವಿಧಿಯನ್ನೂ ಒಟ್ಟಿಗೆ ವಿವರಿಸಿದರೆ, ಬಾರಕೂರು ಬಸರೂರುಗಳ ಹಳೆಯ ಪೇಟೆಯ ಲೆಕ್ಕವೂ ಇಂದಿನ ಕರಾವಳಿಯ ಸಣ್ಣ ಅಂಗಡಿಯ ಲೆಕ್ಕವೂ ಒಂದೇ ಸೂತ್ರದಲ್ಲಿ ಅರ್ಥವಾಗುವುವು.